ಕನ್ನಂಬಾಡಿಗೆ ಎರಡನೆಯ ಸಲ

ಆ ಮಾತು ಶುರುವಾದದ್ದು ಹೊಲಿಗೆ ತರಗತಿಯಲ್ಲಿ. ಅರವತ್ತರ ದಶಕದ ನಡುವಿನ ವರ್ಷಗಳು. ಹೊಣಕೆರೆ ಹೋಬಳಿಯ ಒಂದು ಹಳ್ಳಿಯಲ್ಲಿ ನಾನು ಗ್ರಾಮಸೇವಿಕೆಯಾಗಿದ್ದೆ. ಶಾಲೆಯ ಹಿಂದಿನ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ಮಹಿಳಾ ಮಂಡಳಿಯ ಹೆಂಗಸರಿಗೆ ಹೊಲಿಗೆ ಹೇಳಿಕೊಡುತ್ತಿದ್ದೆ. ಇದ್ದದ್ದು ಒಂದೇ ಮಿಷನ್ನು. ಅದರ ಮುಂದೆ ಒಬ್ಬಳು ಕೂತರೆ ಉಳಿದವರು ಸುತ್ತ ಕೂತು ಊರಿನ ಸುದ್ದಿಯನ್ನೆಲ್ಲ ಆಡುತ್ತಿದ್ದರು. ಅವರಲ್ಲೊಬ್ಬಳು ನಾಗಮಂಗಲದ ಟೆಂಟಿನಲ್ಲಿ ಸಿನಿಮಾ ನೋಡಿ ಬಂದಿದ್ದಳು. ಅದರಲ್ಲಿ ನಾಯಕಿ ಕಾರಂಜಿಯ ಮುಂದೆ ಓಡುತ್ತಾಳಂತೆ. ಸಿನಿಮಾ ಕಪ್ಪುಬಿಳುಪು, ಹಾಗಾಗಿ ಆ ನೀರಿನ ಬಣ್ಣ ಯಾವುದು ಎಂಬ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು.

"ಅದು ಕನ್ನಂಬಾಡಿ ಕಟ್ಟೆ ಕಣಮ್ಮಿ. ನಮ್ ಭಾವ ನೋಡ್ಕಂಡ್ ಬಂದವ್ರೆ. ದೀಪ ಆಕುದ್ರೆ ನೀರು ಕೆಂಪ್ಗಾಯ್ತದಂತೆ, ಅಸ್ರಾಯ್ತದಂತೆ."

"ನೀರು ಎಲ್ಲಾರಾ ಅಸ್ರಾದದಾ? ಪಾಚಿ ಕಟ್ಟಿದ್ರೆ ಆಗ್ಬೇಕು."

ಎಲ್ಲರೂ ನಕ್ಕರು. ಮಿಷನ್ನಿನ ಮುಂದೆ ಕೂತಿದ್ದ ಹುಡುಗಿ ಮಾತ್ರ ಕಾಲು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಮೇಲಿನ ಬೀದಿಯ ಒಂದು ಒಕ್ಕಲುಮನೆಗೆ ಸೊಸೆಯಾಗಿ ಬಂದು ಆಗಷ್ಟೇ ವರ್ಷ ತುಂಬಿತ್ತು. "ಅಲ್ಲಿ ದೋಣಿನೂ ಅದಂತೆ, ಅಲ್ವಾ ಸೇವಿಕಮ್ಮ? ನಾನು ಉಟ್ದಾಗಿಂದ ದೋಣಿ ಅತ್ತಿಲ್ಲ. ನಮ್ಮೂರಲ್ಲಿ ಕೆರೆ ತುಂಬಾದೇ ಅಪರೂಪ."

ಅವಳ ಪಕ್ಕದಲ್ಲೇ ಅವಳ ಅತ್ತೆ ಕೂತಿದ್ದರು. ಊರಿನವರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಅರವತ್ತು ದಾಟಿದ ಹೆಂಗಸು. ಮಂಡಿನೋವು ಇದ್ದರೂ ಮಂಡಳಿಯ ಒಂದು ಸಭೆಯನ್ನೂ ತಪ್ಪಿಸಿದವರಲ್ಲ. ಹೊಗೆಯಿಲ್ಲದ ಒಲೆಯನ್ನು ಊರಿನಲ್ಲಿ ಮೊದಲು ಹಾಕಿಸಿಕೊಂಡವರು ಅವರೇ. ಅವರು ಬರುತ್ತಾರೆಂಬ ಕಾರಣಕ್ಕೇ ಎಷ್ಟೋ ಮನೆಗಳಲ್ಲಿ ಸೊಸೆಯರನ್ನು ಹೊಲಿಗೆಗೆ ಕಳಿಸುತ್ತಿದ್ದರು. "ಕರ್ಕಂಡೋಗಿ ಸೇವಿಕಮ್ಮ," ಎಂದರು ದೊಡ್ಡವ್ವ. "ಈ ಉಡ್ಗೀರು ದೋಣಿ ಅತ್ತಲಿ. ನಾವು ದಡದಲ್ಲಿ ಕೂತ್ಕಂಡು ನೋಡ್ತೀವಿ."

ದಸರೆಯ ರಜೆಯಲ್ಲಿ ಹೋಗಬೇಕೆಂದು ತೀರ್ಮಾನಿಸಿದವರು ಪಂಚಾಯಿತಿಯ ಚೇರ್ಮನ್ನರು. ಕೆಲಸ ಕಮ್ಮಿ, ಮಕ್ಕಳಿಗೂ ಬಿಡುವು, ಬಸ್ಸೂ ಸಿಗುತ್ತದೆ ಎಂದು ಅವರ ಲೆಕ್ಕ. ನನಗೂ ಅದು ಸರಿಯೆನಿಸಿತು. ಮೇಲಿನ ಬೀದಿ, ಕೆಳಗಿನ ಬೀದಿ ಎರಡೂ ಒಂದೇ ಬಸ್ಸಿನಲ್ಲಿ, ಮಕ್ಕಳು ತೊಡೆಯ ಮೇಲೆ, ಬುತ್ತಿಗಂಟು ಕಾಲಡಿಯಲ್ಲಿ. ಬೆಳಿಗ್ಗೆ ತೊಣ್ಣೂರಿನ ಕೆರೆ ನೋಡಿದೆವು. ಶ್ರೀರಂಗಪಟ್ಟಣದಲ್ಲಿ ದೇವರ ದರ್ಶನದ ಸಾಲು ದೇವಸ್ಥಾನದ ಹೊರಗಿನ ಬೀದಿಯವರೆಗೂ ಇತ್ತು. ಅದು ಮುಗಿಸಿ ಗುಂಬಜ್ಜು, ಸಂಗಮ ಎಂದು ತಿರುಗಿ ಕನ್ನಂಬಾಡಿ ಸೇರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಸುತ್ತಲ ಎಲ್ಲ ಊರಿನ ಬಸ್ಸುಗಳೂ ಅದೇ ಹೊತ್ತಿಗೆ ಅಲ್ಲಿ ಬಂದು ನಿಂತಿದ್ದವು.

ಆ ದಿನ ನಾವು ನೋಡಿದ್ದೆಲ್ಲ ಸಾಲುಗಳೇ. ಕಟ್ಟೆಯ ಕೆಳಗಿನ ಕಾರಂಜಿ ತೋಟದ ಒಳಗೆ ಹೋಗಲು ಸಾಲು, ಸೇತುವೆ ದಾಟಲು ಸಾಲು, ಕುಡಿಯುವ ನೀರಿನ ನಲ್ಲಿಗೆ ಸಾಲು. ದೋಣಿಯ ಸಾಲಂತೂ ಎಲ್ಲಿ ಮುಗಿಯುತ್ತದೆಂದೇ ಕಾಣುತ್ತಿರಲಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಹೆಂಗಸರ ಪಾಯಿಖಾನೆಯ ಸಾಲು. ಹಳ್ಳಿಯ ಹೆಂಗಸರು ಪ್ರಯಾಣದ ದಿನ ನೀರೇ ಕುಡಿಯುವುದಿಲ್ಲ. ಆದರೂ ಬೆಳಗಿನಿಂದ ಸಂಜೆಯವರೆಗೆ ಎಷ್ಟು ತಡೆದಾರು? ಸಾಲು ಗೋಡೆಯನ್ನು ಬಳಸಿ ಹಿಂದಕ್ಕೆ ಹೋಗಿತ್ತು. ದೊಡ್ಡವ್ವ ನನಗಿಂತ ಸ್ವಲ್ಪ ಮುಂದೆ ನಿಂತಿದ್ದರು. ಮೊದಮೊದಲು ಅಕ್ಕಪಕ್ಕದವರ ಜೊತೆ ಮಾತಾಡುತ್ತಿದ್ದರು. ಆಮೇಲೆ ಮಾತು ನಿಂತಿತು. ಒಂದು ಕೈಯನ್ನು ಗೋಡೆಗೆ ಒತ್ತಿಕೊಂಡು, ಹಲ್ಲು ಕಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ನಿಂತರು. ನಾನು ಮುಂದೆ ಹೋಗಿ ಇವರನ್ನು ಬಿಡಿ ಎಂದು ಕೇಳೋಣವೆಂದು ಹೊರಡುವುದರೊಳಗೆ ಅವರ ಪಾದದ ಸುತ್ತ ನೆಲ ಒದ್ದೆಯಾಯಿತು.

ಅವರು ಕದಲಲಿಲ್ಲ. ಕದಲಿದರೆ ಸೀರೆ ಕಾಣುತ್ತದೆ.

ನಲ್ಲಿಯ ಸಾಲಿನಲ್ಲಿ ಅಷ್ಟು ಹೊತ್ತು ನಿಂತು ದೊಡ್ಡ ಕೊಡಪಾನದ ತುಂಬ ನೀರು ಹಿಡಿದುಕೊಂಡು ಸೊಸೆ ಆಗಷ್ಟೇ ಬರುತ್ತಿದ್ದಳು. ಅತ್ತೆಯ ಮುಖ ನೋಡಿದಳು, ನೆಲ ನೋಡಿದಳು. ಮರುಗಳಿಗೆಯಲ್ಲಿ ಎಡವಿ ಮುಗ್ಗರಿಸಿದಳು. ಕೊಡದ ನೀರೆಲ್ಲ ದೊಡ್ಡವ್ವನ ಸೊಂಟದಿಂದ ಕೆಳಕ್ಕೆ ಸುರಿಯಿತು.

"ಕಣ್ಣು ಕಾಣಕ್ಕಿಲ್ವೇನಮ್ಮಿ ನಿಂಗೆ! ವಯಸ್ಸಾದವ್ರ್ ಮೇಲೆ ಇಂಗ್ ಉಯ್ಯಾದಾ?" ಎಂದು ಚೇರ್ಮನ್ನರ ಹೆಂಡತಿ ಅಬ್ಬರಿಸಿದರು. ಸಾಲಿನಲ್ಲಿದ್ದ ಬೇರೆ ಊರಿನವರೂ ದನಿಗೂಡಿಸಿದರು. ಹುಡುಗಿ ತಲೆ ಬಗ್ಗಿಸಿಕೊಂಡು, "ತಪ್ಪಾಯ್ತು ಅತ್ತೆ, ಕಾಲು ಎಡವ್ತು," ಎಂದಳು. ಅಲ್ಲಿ ನೆಲ ಮಟ್ಟಸವಾಗಿತ್ತು. ಎಡವಲು ಒಂದು ಕಲ್ಲೂ ಇರಲಿಲ್ಲ.

ದೀಪ ಹತ್ತಿದಾಗ ನಮಗೆ ಕಂಡದ್ದು ಮುಂದಿನವರ ತಲೆಗಳು, ಅವುಗಳ ಮೇಲೆ ಒಂದಿಷ್ಟು ಬಣ್ಣದ ತುಂತುರು. ಹಾಲು ಕರೆಯುವ ಹೊತ್ತಾಯಿತೆಂದು, ಜೊತೆಗೆ ಬಂದಿದ್ದ ಚೇರ್ಮನ್ನರು ಎಲ್ಲರನ್ನೂ ಬಸ್ಸಿಗೆ ಅಟ್ಟಿದರು. ಬಸ್ಸುಗಳೆಲ್ಲ ಒಂದೇ ಸಲ ಹೊರಟು ರಸ್ತೆ ಕಟ್ಟಿಕೊಂಡಿತು. ಊರು ಸೇರಿದಾಗ ಕೊಟ್ಟಿಗೆಗಳಲ್ಲಿ ಎಮ್ಮೆಗಳು ಕೂಗಿ ಕೂಗಿ ಸೋತಿದ್ದವು, ಹಸಿದು ಮಲಗಿದ್ದ ಗಂಡಸರು ಸಿಟ್ಟಾಗಿದ್ದರು.

"ಸೇವಿಕಮ್ಮ, ಇನ್ನು ಟ್ರಿಪ್ಪು ಗಿಪ್ಪು ಬ್ಯಾಡ," ಎಂದರು ಚೇರ್ಮನ್ನರು ಮಾರನೆಯ ದಿನ. ಅವರದು ಕೆಟ್ಟ ಮನಸ್ಸಲ್ಲ, ಬೇಜಾರಾಗಿತ್ತು ಅಷ್ಟೆ. "ವೊಲ್ಗೆ ಏಳ್ಕೊಡಿ, ಸಾಕು."

ಹೊಲಿಗೆಗೂ ಜನ ಕಮ್ಮಿಯಾದರು. ದೊಡ್ಡವ್ವ ಬರುವುದನ್ನು ನಿಲ್ಲಿಸಿಬಿಟ್ಟಿದ್ದರು. ಕೇಳಿದರೆ ಮಂಡಿನೋವು ಎನ್ನುತ್ತಿದ್ದರು. ಅವರು ಬಾರದ ಮೇಲೆ ಮೇಲಿನ ಬೀದಿಯ ಬೇರೆ ಅತ್ತೆಯರಿಗೂ ಸೊಸೆಯರನ್ನು ಕಳಿಸದಿರಲು ಒಂದು ನೆಪ ಸಿಕ್ಕಿತು. ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಸೊಸೆ ಒಬ್ಬಳೇ ನನ್ನ ಕೋಣೆಗೆ ಬಂದಳು. ಮಿಷನ್ನಿನ ಮುಂದೆ ಕೂತಳು, ಆದರೆ ಬಟ್ಟೆ ತಂದಿರಲಿಲ್ಲ.

"ನಮ್ಮತ್ತೆ ನೀರ್ ಕುಡ್ಯಾದ್ನೇ ಕಮ್ಮಿ ಮಾಡ್ಬುಟ್ಟವ್ರೆ ಸೇವಿಕಮ್ಮ," ಎಂದಳು. "ಎಲ್ಲೂ ಓಗಕ್ಕಿಲ್ಲ. ಅವ್ರ ತಮ್ಮನ ಮಗಳ ಮದ್ವೆ ಆಯ್ತಲ್ಲ, ಕೆ.ಆರ್. ಪೇಟೇಲಿ, ಅದ್ಕೂ ಓಗ್ನಿಲ್ಲ. ಬಸ್ಸು ಅಂದ್ರೆ ಎದ್ರುಕೊತಾರೆ."

"ನಿನಗೆ ಗೊತ್ತು ಅಂತ ಅವರಿಗೆ ಗೊತ್ತಾ?" ಎಂದು ಕೇಳಿದೆ.

"ಗೊತ್ತಿರ್ಬೇಕು. ಅವತ್ತಿಂದ ನನ್ ಕೈಲಿ ಜೋರಾಗಿ ಒಂದ್ ಮಾತಾಡಿಲ್ಲ. ಮೊದ್ಲು ಎಷ್ಟ್ ಬಯ್ಯೋರು! ಬಯ್ಯಾಂಗಿದ್ರೇ ಸಂದಾಗಿತ್ತು." ಅವಳ ಕಣ್ಣು ತುಂಬಿತು. "ಇನ್ನೊಂದ್ ಸಲ ಕರ್ಕಂಡೋಗಿ ಸೇವಿಕಮ್ಮ. ಅಲ್ಗೇ ಕರ್ಕಂಡೋಗಿ. ಓಗ್ಬುಟ್ಟು ಸುಸೂತ್ರವಾಗಿ ಬಂದ್ರೆ ಸರ್ಯಾಯ್ತಾರೆ."

ದೋಣಿಯ ಮಾತು ಅವಳು ಎತ್ತಲೇ ಇಲ್ಲ.

ನನ್ನ ತಾಯಿ ಪಾಂಡವಪುರದಲ್ಲಿದ್ದರು. ರಜೆಗೆ ಊರಿಗೆ ಹೋದಾಗ ಒಂದು ಭಾನುವಾರ ಒಬ್ಬಳೇ ಕನ್ನಂಬಾಡಿಗೆ ಬಸ್ಸು ಹತ್ತಿದೆ. ಈ ಸಲ ತೋಟ ನೋಡಲಿಲ್ಲ, ಜನರನ್ನು ನೋಡಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದು ಕಡೆ ಕೂತು ಸಾಲು ಎಲ್ಲಿ ಹುಟ್ಟುತ್ತದೆ, ಯಾವಾಗ ಬೆಳೆಯುತ್ತದೆ, ಯಾವಾಗ ಕರಗುತ್ತದೆ ಎಂದು ಗಮನಿಸಿದೆ. ಮಧ್ಯಾಹ್ನದವರೆಗೆ ತೋಟ ಖಾಲಿ ಎಂದೇ ಹೇಳಬೇಕು. ಎಲ್ಲರೂ ದೀಪಕ್ಕಾಗಿ ಬರುವವರು, ಹಾಗಾಗಿ ಬೇರೆಲ್ಲ ನೋಡಿಕೊಂಡು ಕೊನೆಗೆ ಇಲ್ಲಿಗೆ ಬರುತ್ತಾರೆ. ಬಂದವರು ಬಾಗಿಲಿನಿಂದ ಬಲಗಡೆಗೆ ಒಬ್ಬರ ಹಿಂದೊಬ್ಬರು ಹೋಗುತ್ತಾರೆ, ಮುಂದಿನವರು ಹೋದರೆಂದು ಹಿಂದಿನವರೂ. ಮೊದಲು ಸಿಕ್ಕ ಪಾಯಿಖಾನೆಯ ಮುಂದೆ ಸಾಲು ನಿಲ್ಲುತ್ತದೆ. ತೋಟದ ಇನ್ನೊಂದು ಮೂಲೆಯಲ್ಲಿ ಇರುವುದರ ಕಡೆ ಯಾರೂ ಸುಳಿಯುವುದಿಲ್ಲ. ದೋಣಿಗೆ ಊಟದ ಹೊತ್ತಿನ ನಂತರ ಜನವೇ ಇರುವುದಿಲ್ಲ. ಬಿಸಿಲು ಇಳಿದ ಮೇಲೆ ಎಲ್ಲರಿಗೂ ಒಟ್ಟಿಗೇ ದೋಣಿಯ ನೆನಪಾಗುತ್ತದೆ. ದೀಪ ಆರಿದ ಕೂಡಲೇ ಬಸ್ಸುಗಳ ಕಡೆ ಓಟ.

ಹೀಗೆ ಗಮನಿಸಲು ಎರಡನೆಯ ಸಲ ಹೋದದ್ದು ಒಂದು ಸೋಮವಾರ, ಅಮ್ಮನನ್ನು ಕರೆದುಕೊಂಡು. ನನ್ನ ಕಾಲಿನಲ್ಲಿ ಅಳೆದರೆ ಪ್ರಯೋಜನವಿಲ್ಲ ಎಂದು ಮೊದಲ ಸಲವೇ ಅನ್ನಿಸಿತ್ತು. ಅಮ್ಮನಿಗೂ ದೊಡ್ಡವ್ವನಷ್ಟೇ ವಯಸ್ಸು, ಅದೇ ಮಂಡಿನೋವು. ಕಾರಂಜಿಗೆ ನೇರ ಎದುರು, ಎಲ್ಲರೂ ಮುಗಿಬೀಳುವ ಜಾಗಕ್ಕೆ ಅವರನ್ನು ಕರೆದೊಯ್ಯುವುದು ನನ್ನ ಯೋಚನೆ. ಅಮ್ಮ ಅಲ್ಲಿವರೆಗೆ ಬರಲೇ ಇಲ್ಲ. ನಡುದಾರಿಯಲ್ಲಿ ಒಂದು ಹುಲ್ಲಿನ ಇಳಿಜಾರು, ಪಕ್ಕದಲ್ಲಿ ಅಗಲವಾದ ಮೆಟ್ಟಿಲು. "ಇನ್ನು ನನ್ನ ಕೈಲಾಗೋಲ್ಲ ಕಣೆ, ನೀನು ನೋಡ್ಕೊಂಡು ಬಾ," ಎಂದು ಅಲ್ಲೇ ಕೂತುಬಿಟ್ಟರು. ಬೇರೆ ದಾರಿ ಕಾಣದೆ ನಾನೂ ಕೂತೆ. ದೀಪ ಹತ್ತಿತು. ಕೂತಲ್ಲಿಂದಲೇ, ಎದುರಿನ ಜನರ ತಲೆಗಳ ಮೇಲಿನಿಂದ, ಮೇಲಿನ ಕಾರಂಜಿಯಿಂದ ಕೆಳಗಿನ ಕೊಳದವರೆಗೆ ಅಷ್ಟೂ ಕಂಡಿತು. ಆ ಮೂಲೆಯ ಪಾಯಿಖಾನೆ ಅಲ್ಲಿಂದ ಕೂಗಳತೆಯಲ್ಲಿತ್ತು. ನಾನು ಹುಡುಕುತ್ತಿದ್ದ ಜಾಗವನ್ನು ಅಮ್ಮನ ಮಂಡಿ ಹುಡುಕಿಕೊಟ್ಟಿತ್ತು.

ಇನ್ನು ಊರಿನ ಕಡೆಯ ಕೆಲಸ. ಹಾಲು ಕರೆಯುವ ತೊಡಕಿಗೆ ನನಗೆ ದಾರಿ ಹೊಳೆದದ್ದು ನಾಟಿಯ ಕಾಲದ ಮುಯ್ಯಿಯಿಂದ; ಒಬ್ಬರ ಗದ್ದೆಗೆ ಇನ್ನೊಬ್ಬರು ಆಳಾಗಿ ಹೋಗಿ, ಆಮೇಲೆ ಅವರು ಇವರ ಗದ್ದೆಗೆ ಬಂದು ತೀರಿಸುವ ಪದ್ಧತಿ. ಎರಡು ಬೀದಿಯೂ ಒಟ್ಟಿಗೆ ಹೋಗುವುದು ಬೇಡ. ಮೇಲಿನ ಬೀದಿ ಹೋದ ದಿನ ಕೆಳಗಿನ ಬೀದಿಯವರು ಅವರ ದನ ಕರೆಯಲಿ, ಗಂಡಸರಿಗೆ ಹಿಟ್ಟು ಬೇಯಿಸಲಿ. ಮುಂದಿನ ಸಲ ಅದಲುಬದಲು. ಜನ ಅರ್ಧವಾದರೆ ಸಾಲೂ ಅರ್ಧ. ಮಕ್ಕಳು ಊರಲ್ಲೇ ಇರಲಿ. ದಿನ ಸೋಮವಾರ, ಅಂದು ಎತ್ತುಗಳಿಗೆ ಬಿಡುವು, ಆರು ಕಟ್ಟಿ ಉಳುವುದಿಲ್ಲ, ಹೊಲಕ್ಕೆ ಬುತ್ತಿ ಹೊರುವ ಕೆಲಸವಿಲ್ಲ. ಸಂಕ್ರಾಂತಿ ಕಳೆದು ಕಣದ ಕೆಲಸವೂ ಮುಗಿದಿರಬೇಕು.

ಚೇರ್ಮನ್ನರು ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿದರು. "ಮುಯ್ಯಿ ಅಂತೀರಾ," ಎಂದು ಮೀಸೆಯ ಮೇಲೆ ಕೈಯಾಡಿಸಿದರು. "ಅದೇನೋ ಸರ್ಯಾಗದೆ. ಆದ್ರೆ ಬ್ಯಾರೆಯೋರ್ ಕೈಗೆ ಎಮ್ಮೆ ಆಲು ಕೊಟ್ಟಾತಾ?"

ಒಳಗಿನಿಂದ ಅವರ ಹೆಂಡತಿ ಹೊರಬಂದರು. "ಕೊಡ್ನಿಲ್ಲ ಅಂದ್ರೆ ನೀವು ಕೂತ್ಕಂಡು ಕರೀರಿ. ಸೇವಿಕಮ್ಮ, ನಾ ಬತ್ತೀನಿ. ಆದ್ರೆ ರಂಗನಾಥನ ಬಾಗ್ಲಿಗೆ ಓಗ್ದೆ ಬರಾದು ಅಂದ್ರೆ ನಾನ್ ಒಪ್ಪಕ್ಕಿಲ್ಲ."

ಅದನ್ನು ಬಿಡಿಸಲಾಗದೆಂದು ನನಗೂ ಗೊತ್ತಿತ್ತು. ದೇವರ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರೋಣ, ಅದಕ್ಕೆ ಬೆಳಕು ಹರಿಯುವ ಮೊದಲೇ ಹೊರಡೋಣ, ತೊಣ್ಣೂರು ಗುಂಬಜ್ಜು ಸಂಗಮ ಯಾವುದೂ ಬೇಡ ಎಂದೆ. ಒಪ್ಪಿದರು. ಡ್ರೈವರಿಗೆ ಚೇರ್ಮನ್ನರೇ ಹೇಳಿದರು: "ಲೇ, ಸಂಜೆ ಬಸ್ನ ಮೊಕ ರಸ್ತೆ ಕಡೀಕೆ ಮಾಡಿ ನಿಲ್ಸಿರ್ಬೇಕು ಕಣ್ಲಾ. ದೀಪ ಆರಾಕ್ ಮುಂಚೆ ಎಣ್ಮಕ್ಳು ಅತ್ತ್ಕತಾರೆ, ನೀನು ಬುಟ್ಬುಡ್ಬೇಕು."

ಎಲ್ಲ ಕೂಡಿಬಂತು, ದೊಡ್ಡವ್ವ ಒಬ್ಬರನ್ನು ಬಿಟ್ಟು. ಅವರ ಮನೆಗೆ ಹೋದಾಗ ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಸೊಸೆ ನನ್ನನ್ನು ಕಂಡು ಕೊಟ್ಟಿಗೆಯ ಕಡೆ ಹೋದಳು.

"ನಾ ಬರಕ್ಕಿಲ್ಲ ಕಣವ್ವ," ಎಂದರು ನಾನು ಬಾಯಿ ತೆರೆಯುವ ಮೊದಲೇ. "ಮಂಡಿ ಕೇಳಕ್ಕಿಲ್ಲ. ಉಡ್ಗೀರ್ನ ಕರ್ಕಂಡೋಗು."

ಅವರ ಪಕ್ಕದಲ್ಲಿ ಕೂತು ನಾನೂ ಅವರೆಕಾಯಿಗೆ ಕೈ ಹಾಕಿದೆ. ಆ ದಿನದ ಮಾತನ್ನು ಎತ್ತಲಿಲ್ಲ. ಅಮ್ಮನ ಜೊತೆ ಹೋಗಿಬಂದ ಕತೆ ಹೇಳಿದೆ. ಅಮ್ಮ ಎಲ್ಲೆಲ್ಲಿ ನಿಂತರು, ಎಲ್ಲಿ ಕೂತರು, ಹೇಗೆ ಮುಂದಕ್ಕೆ ಬರಲಾರೆನೆಂದು ಹಟ ಹಿಡಿದರು ಎಲ್ಲವನ್ನೂ. "ಈ ಸಲ ಎಲ್ಲರಿಗಿಂತ ಮುಂದೆ ನೀವು ನಡೀಬೇಕು ದೊಡ್ಡವ್ವ. ನಿಮ್ಮ ಹಿಂದೆ ನಾವು. ನೀವು ನಿಂತರೆ ಬಸ್ಸಿನವರೆಲ್ಲ ನಿಲ್ತಾರೆ."

ಅವರು ನಕ್ಕರು. ಆಮೇಲೆ ಬಹಳ ಹೊತ್ತು ಕಾಯಿ ಬಿಡಿಸಿದರು. ಕೊನೆಗೆ ತಲೆ ಎತ್ತದೆ ಕೇಳಿದರು: "ನಿಮ್ಮವ್ವ ಕೂತಿದ್ರಲ್ಲ, ಅಲ್ಲಿಂದ... ದೂರ್ವಾ?"

"ಇಲ್ಲಿಂದ ನಿಮ್ಮ ಕೊಟ್ಟಿಗೆಯಷ್ಟು ದೂರ," ಎಂದೆ. "ಸಾಲಿಲ್ಲ. ಒಳಗೆ ಹೋದ ಕೂಡಲೇ ಮೊದಲು ಅಲ್ಲಿಗೇ ಹೋಗೋದು, ಬೇಕಿರಲಿ ಬೇಡದಿರಲಿ. ಎಲ್ಲರೂ. ಊಟ ಆದ ಮೇಲೆ ಇನ್ನೊಂದು ಸಲ. ಸಂಜೆ ಇನ್ನೊಂದು ಸಲ. ನೀರು ಚೆನ್ನಾಗಿ ಕುಡಿಯಿರಿ."

ಅವರ ಕೈ ನಿಂತಿತು. ನನ್ನ ಮುಖವನ್ನು ಒಮ್ಮೆ ನೋಡಿ, ಕೊಟ್ಟಿಗೆಯ ಕಡೆ ನೋಡಿದರು. "ಅಮ್ಮೀ," ಎಂದು ಕೂಗಿದರು. "ಆ ಅಸ್ರು ಸೀರೆ ಒಗ್ದಾಕು. ಸೋಮ್ವಾರ ಬೇಕು."

ಮಾಗಿಯ ಚಳಿಯಲ್ಲಿ ಬಸ್ಸು ಹೊರಟಿತು. ರಂಗನಾಥನ ಮುಂದೆ ನಮ್ಮೂರಿನವರು ಬಿಟ್ಟರೆ ಹೂವಿನ ಬುಟ್ಟಿಯವರಷ್ಟೇ ಇದ್ದರು. ಚೇರ್ಮನ್ನರ ಹೆಂಡತಿ ದೇವರ ಪಾದದಿಂದ ಕಿರೀಟದವರೆಗೆ ಮನಸಾರೆ ನೋಡಿ, "ಓದ್ಸಲ ಬರೀ ತೋಳು ಕಂಡಿತ್ತು," ಎಂದರು. ಕನ್ನಂಬಾಡಿ ತಲುಪಿದಾಗ ಮಾಲಿಗಳು ಹೂವಿನ ಪಾತಿಗೆ ನೀರು ಕಟ್ಟುತ್ತಿದ್ದರು. ಬಾಗಿಲಿನಿಂದ ಎಡಕ್ಕೆ ತಿರುಗಿ, ದೊಡ್ಡವ್ವನನ್ನು ಮುಂದೆ ಬಿಟ್ಟುಕೊಂಡು, ಎಲ್ಲರೂ ಆ ನಡಿಗೆಗೆ ಹೊಂದಿಕೊಂಡು ನಡೆದೆವು. ನಡಿಗೆ ನಿಧಾನವಾದದ್ದರಿಂದ ಹೆಂಗಸರಿಗೆ ಹೂವು ನೋಡಲು ಪುರಸೊತ್ತು ಸಿಕ್ಕಿತು. ಮೂಲೆಯ ಪಾಯಿಖಾನೆಗೆ ಹೋದೆವು, ಯಾರೂ ಇರಲಿಲ್ಲ. ದೊಡ್ಡವ್ವ ಹೊರಗೆ ಬಂದು ಸೆರಗು ಸರಿಮಾಡಿಕೊಂಡು, ಕೊಡದಿಂದ ಒಂದು ಚೊಂಬು ನೀರು ಬಗ್ಗಿಸಿಕೊಂಡು ಗಟಗಟ ಕುಡಿದರು.

ನನಗೆ ಆ ಗಳಿಗೆಯಲ್ಲಿ ಕೆಲಸ ಮುಗಿಯಿತು ಎನಿಸಿತ್ತು.

ಇಳಿಜಾರಿನ ಹುಲ್ಲಿನ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚಿದೆವು. ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ. ಊಟವಾದ ಕೂಡಲೇ ದೋಣಿ ಎಂದು ನಾನು ಮೊದಲೇ ಗೊತ್ತುಮಾಡಿದ್ದೆ. ದೋಣಿಯವರ ಹತ್ತಿರ ಹೋಗಿ ವಿಚಾರಿಸಿ ಬಂದೆ. ದೋಣಿ ಖಾಲಿ ನಿಂತಿತ್ತು. ಎಲ್ಲರನ್ನೂ ಎರಡು ಸಲಕ್ಕೆ ಸುತ್ತಿಸುತ್ತೇವೆ, ಕರೆತನ್ನಿ ಎಂದರು. ಖುಷಿಯಿಂದ ಬೇಗ ಬೇಗ ಮೆಟ್ಟಿಲು ಹತ್ತಿ ಬಂದೆ.

ಹೆಂಗಸರೆಲ್ಲ ಮಲಗಿಬಿಟ್ಟಿದ್ದರು.

ಒಬ್ಬರಲ್ಲ, ಇಬ್ಬರಲ್ಲ. ಚಾಪೆಯ ಮೇಲೆ ಕೆಲವರು, ಬರಿಯ ಹುಲ್ಲಿನ ಮೇಲೆ ಕೆಲವರು, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರ ತಲೆ. ಚೇರ್ಮನ್ನರ ಹೆಂಡತಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ದೊಡ್ಡವ್ವ ಒಂದು ಕೈಯನ್ನು ತಲೆಗೆ ಕೊಟ್ಟು, ಮಂಡಿ ಮಡಿಸಿ, ಪುಟ್ಟ ಮಗುವಿನ ಹಾಗೆ ಒಂದು ಮಗ್ಗುಲಿಗೆ ಮಲಗಿದ್ದರು. ಆ ಊರಿನಲ್ಲಿ ಅಷ್ಟು ವರ್ಷ ಇದ್ದೂ ಇವರಲ್ಲಿ ಯಾರೊಬ್ಬರೂ ಹಗಲಿನಲ್ಲಿ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಸೊಸೆ ಒಬ್ಬಳೇ ಎಚ್ಚರವಾಗಿ ಅತ್ತೆಯ ಪಕ್ಕ ಕೂತು, ಅವರ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಸೆರಗನ್ನು ಅಡ್ಡ ಹಿಡಿದಿದ್ದಳು.

"ದೋಣಿ ಖಾಲಿ ಇದೆ," ಎಂದೆ ಮೆಲ್ಲಗೆ. "ಎಬ್ಬಿಸಲಾ? ಆಮೇಲೆ ಸಾಲು ಬೆಳೆಯುತ್ತೆ. ಸಿಗೋದು ಕಷ್ಟ."

ಅವಳು ಕೆಳಗೆ ನೀರಿನ ಕಡೆ ನೋಡಿದಳು. ದೋಣಿ ಅಲ್ಲಾಡುತ್ತಿತ್ತು. ಅದನ್ನು ಅವಳು ಎಷ್ಟು ಹೊತ್ತು ನೋಡಿದಳೆಂದರೆ, ಹೂಂ ಎನ್ನುತ್ತಾಳೆಂದೇ ನಾನು ತಿಳಿದೆ.

"ಬ್ಯಾಡಿ ಸೇವಿಕಮ್ಮ," ಎಂದಳು. "ಮಲಗ್ಲಿ."

"ನೀನಾದರೂ ಬಾ. ನಾನು ಜೊತೆಗೆ ಬರ್ತೀನಿ."

"ಬಿಸ್ಲು ಬೀಳ್ತದೆ," ಎಂದಳು. ಸೆರಗು ಹಿಡಿದ ಕೈಯನ್ನು ಬದಲಿಸಿದಳು.

ಅಷ್ಟು ತಿಂಗಳು ಕೂಡಿಸಿ ಕಳೆದು ಮಾಡಿದ ಏರ್ಪಾಡು ಅದು. ಯಾವ ಹೊತ್ತಿನಲ್ಲಿ ಯಾವ ಸಾಲು ಇರುವುದಿಲ್ಲವೆಂದು ಬಾಯಿಪಾಠವಾಗಿತ್ತು. ಉಳಿಸಿದ ಹೊತ್ತನ್ನು ಹೆಂಗಸರು ಏನು ಮಾಡಬಹುದೆಂದು ಮಾತ್ರ ನಾನು ಯೋಚಿಸಿರಲಿಲ್ಲ. ದೋಣಿಯವರ ಹತ್ತಿರ ಹೋಗಿ, ಈಗ ಬರುವುದಿಲ್ಲ ಎಂದು ಹೇಳಿ ಬಂದೆ. ಮಲಗಿದ್ದವರ ತಲೆಯ ದಿಕ್ಕಿಗೆ ಕೂತು ಕಾವಲು ಕಾದೆ. ಗಾಳಿ ಬೀಸಿದಾಗ ಯಾರದೋ ಸೀರೆಯ ಅಂಚು ಹಾರುತ್ತಿತ್ತು, ಅದನ್ನು ಎಳೆದು ಕಾಲಿನ ಮೇಲೆ ಹೊದಿಸುತ್ತಿದ್ದೆ.

ಒಬ್ಬೊಬ್ಬರಾಗಿ ಎದ್ದಾಗ ಬಿಸಿಲು ಹಳದಿಯಾಗಿತ್ತು. ಯಾವುದೋ ಸ್ಕೂಲಿನ ಮಕ್ಕಳ ಎರಡು ಬಸ್ಸು ಬಂದು, ದೋಣಿಯ ಸಾಲು ಕೊಳದ ದಂಡೆಯುದ್ದಕ್ಕೂ ನಿಂತಿತ್ತು.

ದೊಡ್ಡವ್ವ ಎದ್ದು ಕೂತು, ತುರುಬು ಕಟ್ಟಿಕೊಂಡು, ನಾಚಿಕೊಂಡು ಸುತ್ತ ನೋಡಿದರು. "ದೋಣಿ ಎಷ್ಟೊತ್ಗೆ?"

"ಎಲ್ಲಿ ದೋಣಿ ಬಂತು ಈಗ," ಎಂದರು ಚೇರ್ಮನ್ನರ ಹೆಂಡತಿ, ತಾವೂ ಆಗಷ್ಟೇ ಎದ್ದವರು. "ನೀನು ನಿದ್ದೆ ತೆಗ್ದೆ, ನಾವೂ ತೆಗುದ್ವಿ. ಅಗೋ ನೋಡು ಸಾಲ."

ದೊಡ್ಡವ್ವ ಸೊಸೆಯ ಕಡೆ ತಿರುಗಿದರು. "ನೀನ್ಯಾಕಮ್ಮಿ ಎಬ್ಬುಸ್ನಿಲ್ಲ?"

"ನಂಗೂ ನಿದ್ದೆ ಬಂದ್ಬುಡ್ತು ಅತ್ತೆ," ಎಂದಳು ಅವಳು.

ದೊಡ್ಡವ್ವ ಅವಳ ಮುಖವನ್ನು ನೋಡಿದರು. ಒಂದು ಕಡೆಯ ಕೆನ್ನೆ ಬಿಸಿಲಿಗೆ ಕೆಂಪಾಗಿತ್ತು. ಕೈ ಚಾಚಿ ಆ ಕೆನ್ನೆಯನ್ನು ಮುಟ್ಟಿದರು, ಬಿಸಿಯಿದೆಯೇ ಎಂದು ನೋಡುವ ಹಾಗೆ. ಆಮೇಲೆ ಒಂದು ಕೈ ನೆಲಕ್ಕೂರಿ ಎದ್ದು ನಿಂತರು. ಮೂಲೆಯ ಕಡೆ ಹೋಗಿ ಬಂದರು. ಬಂದವರೇ, "ಏಳಮ್ಮಿ," ಎಂದರು.

"ಎಲ್ಗೆ ಅತ್ತೆ?"

"ದೋಣಿಗೆ."

ನಾನು ಅಡ್ಡ ಬಂದೆ. "ದೊಡ್ಡವ್ವ, ಬಹಳ ಹೊತ್ತು ನಿಲ್ಲಬೇಕಾಗುತ್ತೆ. ಮಕ್ಕಳೆಲ್ಲ ಹೋದ ಮೇಲೆ ನಮ್ಮ ಸರದಿ. ಸಿಗುತ್ತೋ ಇಲ್ಲವೋ."

"ನಿಂತ್ಕತೀನಿ," ಎಂದರು ದೊಡ್ಡವ್ವ. ಮೇಲಿನ ಬೀದಿಯವರೆಲ್ಲ ಕೇಳುತ್ತಿದ್ದರು. ಅವರು ದನಿ ತಗ್ಗಿಸಲಿಲ್ಲ. "ಒಟ್ಟೆ ತುಂಬಾ ಉಂಡಿವ್ನಿ, ಕಣ್ತುಂಬಾ ಮಲಗೆದ್ದಿವ್ನಿ, ಈಗ್ತಾನೆ ಒಂದಕ್ಕೂ ಓಗ್ಬಂದಿವ್ನಿ. ಈಗ ನಿಂತ್ಕಳಕ್ಕೆ ನಂಗೇನವ್ವ?"

ಸೊಸೆ ತಲೆ ತಗ್ಗಿಸಿದಳು. ನಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡೆ. "ನೀನ್ ಇಲ್ಲೇ ಇರವ್ವ, ಇವ್ರ್ನೆಲ್ಲ ನೋಡ್ಕ. ನಾವಿಬ್ರೂ ಓಯ್ತೀವಿ," ಎಂದು ಅತ್ತೆ ಸೊಸೆಯ ಭುಜ ಹಿಡಿದು ಮೆಟ್ಟಿಲು ಇಳಿದರು.

ಇಳಿಜಾರಿನಿಂದ ಅವರಿಬ್ಬರೂ ನನಗೆ ಕಾಣುತ್ತಿದ್ದರು. ಸಾಲಿನ ಕೊನೆಯಲ್ಲಿ, ಮಕ್ಕಳ ಗದ್ದಲದ ಹಿಂದೆ, ಹಸಿರು ಸೀರೆ ಮತ್ತು ಅದರ ಪಕ್ಕ ಅವಳು. ದೊಡ್ಡವ್ವ ಆಗಾಗ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. ಆಗ ಹುಡುಗಿ ತನ್ನ ಭುಜವನ್ನು ಅವರ ಕಡೆಗೆ ಒಡ್ಡುತ್ತಿದ್ದಳು. ಆಮೇಲೆ ದೊಡ್ಡವ್ವ ಏನೋ ಹೇಳಿದರು. ಹುಡುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ದೊಡ್ಡವ್ವ ಮತ್ತೇನೋ ಹೇಳಿದರು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅದಾದ ಮೇಲೆ ಮಾತು ನಿಲ್ಲಲೇ ಇಲ್ಲ. ಅವರು ಏನು ಮಾತಾಡಿದರೆಂದು ನಾನು ಯಾವತ್ತೂ ಕೇಳಲಿಲ್ಲ. ಒಂದು ಸಲ ಮಾತ್ರ, ಸಾಲು ಮುಂದಕ್ಕೆ ಸರಿದರೂ ಮಾತಿನ ಭರದಲ್ಲಿ ಇವಳು ಸರಿಯದಿದ್ದಾಗ, ದೊಡ್ಡವ್ವ ಅವಳ ತಲೆಗೆ ಮೊಟಕಿ ಜೋರಾಗಿ ಬಯ್ದದ್ದು ಇಲ್ಲಿಯವರೆಗೂ ಕೇಳಿಸಿತು.

ಹೊತ್ತು ಮುಳುಗಿತು. ಇಳಿಜಾರಿನ ಸುತ್ತಲೂ ಜನ ಸೇರತೊಡಗಿದರು. ನಮ್ಮವರು ಚಾಪೆ ಬಿಟ್ಟು ಕದಲಲಿಲ್ಲ. ಕೊನೆಯ ದೋಣಿ ಹೊರಟಾಗ ಕತ್ತಲು ಕವಿಯುತ್ತಿತ್ತು. ಅದರಲ್ಲಿ ಅವರಿದ್ದಾರೋ ಇಲ್ಲವೋ ಕಾಣಲಿಲ್ಲ. ಚೇರ್ಮನ್ನರ ಹೆಂಡತಿ ನನ್ನ ತೋಳು ಹಿಡಿದು, "ಅತ್ತುದ್ರಾ? ಅತ್ತುದ್ರಾ?" ಎಂದು ಕೇಳುತ್ತಿದ್ದರು.

ದೀಪಗಳು ಹತ್ತಿದವು. ಜನ ಹೋ ಎಂದರು. ಮೇಲಿನಿಂದ ಕೆಳಗಿನವರೆಗೆ ಕೆಂಪು ನೀರು, ಹಸಿರು ನೀರು, ಹಳದಿ ನೀರು. ಆ ಬೆಳಕು ಕೊಳದ ಮೇಲೆ ಬಿದ್ದಾಗ ನಡುನೀರಿನಲ್ಲಿ ದೋಣಿ ಕಂಡಿತು. ಒಂದು ಕೈಯಲ್ಲಿ ದೋಣಿಯ ಅಂಚನ್ನೂ ಇನ್ನೊಂದರಲ್ಲಿ ಸೊಸೆಯ ಕೈಯನ್ನೂ ಹಿಡಿದು ದೊಡ್ಡವ್ವ ಕೂತಿದ್ದರು. ಅವರು ಕಾರಂಜಿಯ ಕಡೆ ನೋಡುತ್ತಿರಲಿಲ್ಲ. ದಡದ ಜನರಲ್ಲಿ ನಮ್ಮನ್ನು ಹುಡುಕುತ್ತಿದ್ದರು. ಕಂಡ ಕೂಡಲೇ ಅಂಚು ಬಿಟ್ಟು ಕೈ ಮೇಲೆತ್ತಿದರು. ಹೊಲದ ಈ ಬದಿಯಿಂದ ಆ ಬದಿಯವರನ್ನು ಕೂಗಿ ಕರೆಯುವ ಗಂಟಲು ಅದು. ಅಷ್ಟೂ ಜನರ ಗದ್ದಲವನ್ನು ದಾಟಿ ಬಂತು:

"ಸೇವಿಕಮ್ಮೋ! ಇಲ್ಲಿಂದ ಬಾಳ ಸಂದಾಗ್ ಕಾಣ್ತದೆ ಕಣವ್ವೋ!"

ಸುತ್ತಲಿನವರೆಲ್ಲ ನಕ್ಕರು. ಮೇಲಿನ ಬೀದಿಯ ಹೆಂಗಸರು ಎದ್ದು ನಿಂತು, ಕೈ ಬೀಸಿ, ಒಟ್ಟಿಗೆ ಓ ಎಂದು ಕೂಗಿದರು. ದೀಪ ಆರುವ ಮೊದಲೇ ಎಲ್ಲರನ್ನೂ ಹೊರಡಿಸಬೇಕಿತ್ತು. ಬಸ್ಸು ರಸ್ತೆಯ ಕಡೆ ಮುಖಮಾಡಿ ಕಾಯುತ್ತಿತ್ತು. ಕಾಯಲಿ ಎಂದುಕೊಂಡು, ಅವರಿಬ್ಬರನ್ನು ಇಳಿಸಿಕೊಳ್ಳಲು ದೋಣಿಕಟ್ಟೆಯ ಕಡೆ ಮೆಟ್ಟಿಲು ಇಳಿದೆ.